ಸುಕ್ಕಿಲ್ಲದ ಒಡವೆ ಪೆಟ್ಟಿಗೆ

ಐವತ್ತೆಂಟನೇ ಇಸವಿಯ ಒಂದು ಭಾನುವಾರ ಮಧ್ಯಾಹ್ನ, ಯಲಹಂಕದ ಹಳೇ ಪೇಟೆಯ ಮನೆಯೊಂದರಲ್ಲಿ ಹದಿನೇಳು ವರ್ಷದ ಮುನಿಶಾಮಮ್ಮ ಒಡವೆ ಪೆಟ್ಟಿಗೆಯೊಂದರ ಮೇಲೆ ಮಣೆಯಿಟ್ಟು, ಮಣೆಯ ಮೇಲೆ ತಾನೇ ಹತ್ತಿ ಕೂತಿದ್ದಳು. ಬೆಂಗಳೂರಿಗೆ ಹೋಗುವ ಮೂರು ಗಂಟೆಯ ರೈಲು ಕೂಗುವವರೆಗೂ ಅವಳು ಏಳುವ ಹಾಗಿರಲಿಲ್ಲ.

ಪೆಟ್ಟಿಗೆ ಎಂದರೆ ಅಂಥ ಭಾರಿಯದೇನಲ್ಲ. ಟೀ ಪುಡಿ ತುಂಬಿ ಬರುವ ತೆಳು ಹಲಗೆಯನ್ನು ಕೊಯ್ದು ಮೊಳೆ ಹೊಡೆದದ್ದು. ಮುಚ್ಚಳದ ಮೇಲೆ ಹತ್ತಿ, ಹತ್ತಿಯ ಮೇಲೆ ಕೆಂಪು ಮಖಮಲ್ಲು. ಮಖಮಲ್ಲಿನ ಅಂಚನ್ನೆಲ್ಲ ಒಳಕ್ಕೆ ಮಡಚಿ, ಕುದಿಸಿದ ಮೈದಾ ಅಂಟನ್ನು ಧಾರಾಳವಾಗಿ ಬಳಿದು ಮುಚ್ಚಿದ್ದಳು. ಅದು ಒಣಗುವವರೆಗೆ ಮೇಲೆ ಭಾರ ಬೇಕು. ರುಬ್ಬುವ ಗುಂಡು ಕೇಳಿದ್ದಕ್ಕೆ ಅವಳಮ್ಮ ಮುನಿಕೆಂಪಮ್ಮ, "ಉದ್ದಿನಬೇಳೆ ನಿನ್ನ ತಲೆ ಮೇಲೆ ರುಬ್ಲಾ?" ಎಂದಿದ್ದಳು. ಹಾಗಾಗಿ ಆ ಹೊತ್ತಿಗೆ ಮನೆಯಲ್ಲಿ ಕೆಲಸವಿಲ್ಲದೆ ಬಿದ್ದಿದ್ದ ಭಾರ ಎಂದರೆ ಅವಳೊಬ್ಬಳೇ.

ಪಕ್ಕದ ಮನೆಯ ರೆಹಾನಾ ಚಿಕ್ಕಪೇಟೆಯ ಒಡವೆ ಅಂಗಡಿಗಳಿಗೆ ಇಂಥ ಪೆಟ್ಟಿಗೆಗಳನ್ನು ಮಾಡಿ ಕೊಡುತ್ತಿದ್ದಳು. ಐದನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ಮುನಿಶಾಮಮ್ಮ ಎರಡು ವರ್ಷದಿಂದ ಬಟ್ಟೆ ಹರವುವ ನೆಪದಲ್ಲಿ ಹಿತ್ತಿಲ ಗೋಡೆಯ ಮೇಲಿಂದ ಅದನ್ನೇ ನೋಡುತ್ತಿದ್ದಳು. ಒಣಗಿದ ಬಟ್ಟೆಯನ್ನು ಮತ್ತೆ ನೆನೆಸಿ ಹರವಿದ್ದೂ ಉಂಟು. ತನ್ನನ್ನೂ ಕೆಲಸಕ್ಕೆ ಸೇರಿಸಿಕೊಳ್ಳಿ ಎಂದು ಕೇಳಲು ಬಾಯಿ ಬಂದದ್ದು ಹೋದ ವಾರ, ಅದೂ ಎತ್ತಲೋ ನೋಡಿಕೊಂಡು. ರೆಹಾನಾ ಒಂದು ಮೊಳ ಮಖಮಲ್ಲು ಕೊಟ್ಟು, "ಒಂದು ಪೆಟ್ಟಿಗೆ ಮಾಡಿಡು. ಭಾನುವಾರ ಬಂದು ಉಗುರಾಡಿಸಿ ನೋಡ್ತೀನಿ. ಒಂದೇ ಒಂದು ಸುಕ್ಕು ಸಿಕ್ರೂ ಬೇಡ. ಸಿಗ್ಲಿಲ್ವೋ, ಸೋಮವಾರದಿಂದ ಬಾ," ಎಂದಿದ್ದಳು.

ರೈಲು ಇನ್ನೂ ಕೂಗಿರಲಿಲ್ಲ. ಅಷ್ಟರಲ್ಲಿ ಬಾಗಲೂರಿನಿಂದ ಮಾರಕ್ಕ ಬಂದಳು. ಮುನಿಶಾಮಮ್ಮನ ಅಪ್ಪನ ಅಕ್ಕ. ಆಕೆಯ ನೆರಳು ಹೊಸಿಲ ಮೇಲೆ ಬಿದ್ದರೆ ಕೊಟ್ಟಿಗೆಯ ಎಮ್ಮೆ ಕೂಡ ಎದ್ದು ನಿಲ್ಲುತ್ತಿತ್ತು. ಮುನಿಕೆಂಪಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದು ಕಾಲಿಗೆ ಬಿದ್ದಳು. ಮಗಳು ಕೂತಲ್ಲಿಂದಲೇ ಕೈಮುಗಿದಳು.

"ಎದ್ದೇಳೇ, ಅತ್ತೆ ಬಂದವ್ರೆ!"

"ಆಗಲ್ಲಮ್ಮ."

"ಕಾಲು ಉಳುಕೈತಾ?" ಮಾರಕ್ಕ ಕೇಳಿದಳು.

"ಇಲ್ಲ ಅತ್ತೆ."

"ಮತ್ತಿನ್ನೇನು, ಮೊಟ್ಟೆ ಇಕ್ಕಿದ್ದೀಯಾ? ಇಂಗೆ ಕಾವು ಕೊಡ್ತಾ ಕುಂತಿದ್ದೀಯಲ್ಲೇ!"

ಮುನಿಶಾಮಮ್ಮನಿಗೆ ನಗು ಒತ್ತರಿಸಿಕೊಂಡು ಬಂತು. ನಕ್ಕರೆ ಮೈ ಕುಲುಕುತ್ತದೆ, ಕುಲುಕಿದರೆ ಮಖಮಲ್ಲು ಸರಿಯುತ್ತದೆ. ಹಲ್ಲು ಕಚ್ಚಿಕೊಂಡು ಮೈದಾ, ಹತ್ತಿ, ಉಗುರು, ಸೋಮವಾರ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಅತ್ತೆಯೆದುರು ಅವಳು ಅಷ್ಟು ಮಾತಾಡಿದ್ದು ಹುಟ್ಟಿದಾಗಿನಿಂದ ಅದೇ ಮೊದಲು.

ಮಾರಕ್ಕ ಜಾತ್ರೆಯ ಎತ್ತು ನೋಡುವವಳಂತೆ ಅವಳ ಸುತ್ತ ಒಂದು ಸುತ್ತು ಬಂದಳು. "ನೀನು ಕುಂತ್ರೆ ಹಪ್ಪಳಾನೂ ಮುರಿಯಾಕಿಲ್ಲ. ಜರುಗು."

"ಪೂರ್ತಿ ಬಿಡೋ ಹಾಗಿಲ್ಲ ಅತ್ತೆ! ಗಾಳಿ ಹೊಕ್ಕರೆ ಗುಳ್ಳೆ ಏಳ್ತದೆ!"

"ಬುಡಬ್ಯಾಡ. ನಾನ್ ಇತ್ತಗಿಂದ ಬತ್ತೀನಿ, ನೀನ್ ಅತ್ತಗೆ ಇಳಿ. ಕೆಂಪಿ, ನನ್ನ ರಟ್ಟೆ ಇಡ್ಕ."

ಒಂದು ಗಳಿಗೆ ಆ ಚಿಕ್ಕ ಮಣೆಯ ಮೇಲೆ ಇಬ್ಬರೂ ಅರ್ಧರ್ಧ ಕೂತಿದ್ದರು. ಮಣೆ ಕಿರ್ರೆಂದಿತು. ಮುನಿಶಾಮಮ್ಮ ಮೆಲ್ಲಗೆ ಜಾರಿ ನೆಲಕ್ಕೆ ಬಿದ್ದಳು. ಮಾರಕ್ಕ ಸೀರೆ ಹರಡಿಕೊಂಡು ಪಟ್ಟವೇರಿದವಳಂತೆ ಕೂತು ಕಾಫಿ ಕೇಳಿದಳು. ರೈಲು ಕೂಗಿಕೊಂಡು ಹೋಯಿತು. "ಓಗ್ಲಿ ಬುಡು, ಕಾಫಿ ಮುಗೀಲಿ," ಎಂದು ಮಾರಕ್ಕ ಏಳಲಿಲ್ಲ.

ರೆಹಾನಾ ಒಳಗೆ ಬಂದಾಗಲೂ ಆಕೆ ಹಾಗೇ ಕೂತಿದ್ದಳು.

"ಅರೆ! ಒತ್ತೋ ಮಿಷನ್ ತರಿಸಿದ್ದೀರಾ?"

"ಬಾಗಲೂರಿಂದ ಬಂದೈತೆ ಕಣಮ್ಮ," ಎಂದು ಮಾರಕ್ಕ ಎದ್ದಳು.

ರೆಹಾನಾ ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದು ಉಗುರಾಡಿಸಿದಳು. ಮುಚ್ಚಳ, ಪಕ್ಕ, ನಾಲ್ಕು ಮೂಲೆ. ಆ ಉಗುರು ತನ್ನ ಬೆನ್ನ ಮೇಲೇ ಹರಿದಂತೆ ಮುನಿಶಾಮಮ್ಮನಿಗೆ ಜುಮ್ಮೆಂದಿತು.

"ಸುಕ್ಕಿಲ್ಲ," ಎಂದಳು ರೆಹಾನಾ. ಆಮೇಲೆ ಮುಚ್ಚಳ ಎತ್ತಲು ಹೋದಳು. ಬರಲಿಲ್ಲ. ಮತ್ತೆ ಎಳೆದಳು. "ಒಳಗೆ ಕಾಗದ ಇಡ್ಲಿಲ್ವಾ?"

"ಯಾವ ಕಾಗದ?"

"ಅಂಚಿಗೆ ಅಂಚು ಅಂಟಬಾರ್ದು ಅಂತ ನಡುವೆ ಕಾಗದ ಇಟ್ಟು ಮುಚ್ಬೇಕು ಕಣೇ! ಎಲ್ಲಾ ನೋಡಿ ಕಲ್ತೆ ಅಂದ್ಯಲ್ಲ?"

"ಗೋಡೆ ಮೇಲಿಂದ ಅದು ಕಾಣಿಸಲ್ಲ."

ಬೇರೆ ದಿನವಾಗಿದ್ದರೆ ಮುನಿಶಾಮಮ್ಮ ಹಿತ್ತಿಲಿಗೆ ಓಡಿ ನೆನೆಸಲು ಯಾವುದಾದರೂ ಬಟ್ಟೆ ಹುಡುಕುತ್ತಿದ್ದಳು. ಈಗ ಸೋಮವಾರ ಕಣ್ಣೆದುರೇ ಕೈಜಾರುತ್ತಿತ್ತು. ಕಿವಿ ಕೆಂಪೇರಿದ್ದರೂ ಅವಳು ಅಲ್ಲೇ ನಿಂತಳು.

"ಸುಕ್ಕಿರಬಾರ್ದು ಅಂದ್ರಿ. ತೆಗೆಯಕ್ಕೆ ಬರ್ಬೇಕು ಅಂತ ನೀವು ಹೇಳ್ಲೇ ಇಲ್ಲ."

ರೆಹಾನಾ ಬಾಯಿಗೆ ಸೆರಗು ತುರುಕಿಕೊಂಡಳು. ಆದರೂ ನಗು ನಿಲ್ಲಲಿಲ್ಲ, ಕಣ್ಣಲ್ಲೆಲ್ಲ ನೀರು.

"ಏನ್ ತೆಪ್ಪೈತೆ? ಕಳ್ಳ ಬಂದ್ರೂ ಕೈಮುಗ್ದು ಓಯ್ತಾನೆ," ಎಂದು ಮಾರಕ್ಕ ಸೋದರಸೊಸೆಯ ಪರ ನಿಂತಳು. "ಕೊಡಿಲ್ಲಿ, ನಾನ್ ತೆಗೀತೀನಿ. ನೀನ್ ತಳ ಇಡ್ಕ."

ಇಬ್ಬರೂ ಎಳೆದರು. ಮುಚ್ಚಳ ಪಟ್ಟನೆ ಕಿತ್ತು ಬಂತು. ರೆಹಾನಾ ಆ ಕಡೆ ಕೂತಳು, ಮಾರಕ್ಕ ಈ ಕಡೆ ಕೂತಳು, ಹತ್ತಿ ಮುನಿಕೆಂಪಮ್ಮನ ತಲೆಯ ಮೇಲೆ ಕೂತಿತು.

ರೆಹಾನಾ ನೆಲದ ಮೇಲಿಂದಲೇ ಮಖಮಲ್ಲನ್ನು ಎತ್ತಿ ತೋರಿಸಿದಳು. "ಈಗ ನೋಡು, ಎಷ್ಟೊಂದು ಸುಕ್ಕು!"

"ಅದು ನಿಮ್ಮಿಬ್ರದು," ಎಂದುಬಿಟ್ಟಳು ಮುನಿಶಾಮಮ್ಮ. ಅಂದ ಮೇಲೆ ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡಳು.

"ಅಬ್ಬಾ! ಬಾಯಿಲ್ಲದ ಹುಡುಗಿ ಅಂದ್ಕೊಂಡಿದ್ನಲ್ಲ," ಎಂದು ರೆಹಾನಾ ಸೊಂಟ ಹಿಡಿದುಕೊಂಡು ಎದ್ದಳು. "ನಾಳೆ ಎಂಟು ಗಂಟೆಗೆ ಬಾ. ಅತ್ತೇನ ಮಾತ್ರ ಕರ್ಕೊಂಡ್ಬರ್ಬೇಡ."

"ಕರೀದಿದ್ರೂ ಬತ್ತೀನಿ," ಎಂದಳು ಮಾರಕ್ಕ, ಏಳಲಾಗದೆ ಎರಡೂ ಕೈ ಮುಂದೆ ಚಾಚಿ.