ಮಂಚದ ಅಂಚಿನ ಸೋಂಬೇರಿ

ಹೆಂಡತಿ ಸತ್ತ ಮೇಲೆ ನಕ್ಷೆಯವನಿಗೆ ಅವಳ ಬೆಕ್ಕನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಜನರ ಮನೆಗಳಿಗೆ ನಕ್ಷೆ ಬರೆದುಕೊಡುವುದು ಅವನ ಕೆಲಸ. ಅವಳು ಹಾಸಿಗೆ ಹಿಡಿದಾಗಿನಿಂದ ಮಂಚ ಅವಳ ಪಾಲಾಗಿತ್ತು, ಪಕ್ಕದ ಚಾಪೆ ಅವನ ಪಾಲು. ಈಗಲೂ ಅವನಿಗೆ ಚಾಪೆಯೇ ಗತಿ. ಮಂಚದ ಮೇಲೆ ಮಾತ್ರ ಸೋಂಬೇರಿ ಹಾಯಾಗಿ ಬಿದ್ದುಕೊಂಡಿರುತ್ತಿತ್ತು. ಬೆಕ್ಕಿಗೆ ಆ ಹೆಸರಿಟ್ಟವಳೂ ಅವಳೇ. ಸಾಕಿದವಳು ಹೋದರೂ ಈ ಹಾಳು ಪ್ರಾಣಿಗೆ ಏನೂ ಅನ್ನಿಸಿಲ್ಲವಲ್ಲ ಎಂಬುದೇ ಅವನ ಸಂಕಟ.

ಕೊನೆಗೆ ಅಕ್ಕನಿಗೆ ಫೋನ್ ಮಾಡಿದ. "ಯಾರಿಗಾದ್ರೂ ಕೊಟ್ಬಿಡಕ್ಕ. ನನ್ ಕೈಲಾಗಲ್ಲ."

"ನನ್ನ ಗೆಳತಿ ಕೇಳ್ತಿದ್ಳು. ಫೋಟೋ ತೆಗೆದಿಡು, ಸಂಜೆ ಬರ್ತೀನಿ."

ಫೋಟೋದಲ್ಲಿ ಕರಿಬೆಕ್ಕು ಮಸಿಯ ಉಂಡೆಯಂತೆ ಬಂತು. ಕಣ್ಣಿಲ್ಲ, ಕಿವಿಯಿಲ್ಲ. ಥತ್ ಎಂದುಕೊಂಡು, ಚಿತ್ರ ಬರೆದೇ ಕೊಡೋಣವೆಂದು ಪೆನ್ಸಿಲ್ ಚೂಪು ಮಾಡಿ ಕೂತ. ಪರದೆ ಎಳೆದ ಕೋಣೆಯಲ್ಲಿ ಫ್ಯಾನಿನ ಕಿರ್ ಕಿರ್ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅಭ್ಯಾಸ ಬಿಡಬೇಕಲ್ಲ! ಮೊದಲು ಗೋಡೆ, ಬಾಗಿಲು, ಆಮೇಲೆ ಮಂಚ, ಕೊನೆಗೆ ಬೆಕ್ಕು, ಎಲ್ಲವನ್ನೂ ಸೂರಿನಿಂದ ಕೆಳಗೆ ನೋಡಿದ ಹಾಗೆ ಬರೆದ.

ಸಂಜೆ ಬುಟ್ಟಿ ಹಿಡಿದು ಬಂದ ಅಕ್ಕ ಹಾಳೆ ನೋಡಿ ನಕ್ಕುಬಿಟ್ಟಳು.

"ಬೆಕ್ಕಿನ ಫೋಟೋ ಕೇಳಿದ್ರೆ ಮನೆ ಕಟ್ಟಿದೀಯಲ್ಲೋ ಮಾರಾಯ! ಅಲ್ಲಾ, ಮಂಚ ಪೂರ್ತಿ ಖಾಲಿ ಬಿಟ್ಟು ಇದನ್ಯಾಕೆ ತುದಿಗೆ ತಳ್ಳಿದೀಯ? ಬಿದ್ದೋಗಲ್ವಾ?"

"ನಾನೆಲ್ಲಿ ತಳ್ಳಿದೆ? ಅದು ಇರೋದೇ ಹಾಗೆ."

ಹೇಳಿದವನು ಅಲ್ಲೇ ನಿಂತುಬಿಟ್ಟ. ಬೆಕ್ಕು ಮಂಚದ ಅಂಚಿನಲ್ಲಿ ಮೈ ಮುದುಡಿಕೊಂಡು ಮಲಗಿತ್ತು. ಅವಳು ಮಲಗಿದ್ದಾಗ ಇದಕ್ಕೆ ಸಿಗುತ್ತಿದ್ದದ್ದು ಅಷ್ಟೇ ಜಾಗ. ಉಳಿದದ್ದನ್ನು ಹಾಗೇ ಬಿಟ್ಟಿತ್ತು.

ಅವನಿಗೆ ಏನನ್ನಿಸಿತೋ, ಮೆಲ್ಲಗೆ ಹೋಗಿ ಆ ಖಾಲಿ ಜಾಗದಲ್ಲಿ ಮಲಗಿದ. ಬೆಕ್ಕು ಕಣ್ಣು ಬಿಟ್ಟಿತು. ಅವನ ತೋಳು ಮೂಸಿತು. ಕೆಳಗೆ ಧುಮುಕಿ, ಬಾಗಿಲಿಗೆ ಮುಖ ಮಾಡಿ ಕೂತಿತು. ಅವನು ಕಳ್ಳನ ಹಾಗೆ ಎದ್ದು ಹೊದಿಕೆಯ ಸುಕ್ಕು ಸರಿಮಾಡಿದ. ಬೆಕ್ಕು ಬಂದು ಅದೇ ಅಂಚಿನಲ್ಲಿ ಮತ್ತೆ ಮುದುಡಿಕೊಂಡಿತು.

"ಅವಳಿನ್ನು ಬರಲ್ಲ ಕಣೇ," ಎಂದ ಬೆಕ್ಕಿಗೆ. ಆ ಮಾತನ್ನು ಅವನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಆಡಿದ್ದೇ ತಡ, ಅಳು ಒತ್ತರಿಸಿ ಬಂತು.

ಅಕ್ಕ ಬುಟ್ಟಿಯನ್ನು ಸದ್ದಾಗದಂತೆ ಹೊರಗಿಟ್ಟು ಬಂದಳು. "ಇವತ್ತಾದ್ರೂ ಮಂಚದ ಮೇಲೆ ಮಲ್ಕೊಳ್ಳೋ," ಎಂದಳು.

ಅವನು ಬೇಡವೆಂದು ತಲೆಯಾಡಿಸಿ, ಮಂಚಕ್ಕೆ ತಗಲದ ಹಾಗೆ ತನ್ನ ಎಂದಿನ ಜಾಗದಲ್ಲೇ ಚಾಪೆ ಹಾಸಿಕೊಂಡ.