ದಾಖಲೆ ಪ್ರಕಾರ ಮಗ

ಲುತ್ಫರ್ ಭಾಯಿ ಅಗಲವಾದ ಡಾಂಬರು ರಸ್ತೆಯಲ್ಲೂ ಗದ್ದೆಯ ಬದುವಿನ ಮೇಲೆ ನಡೆಯುವವರಂತೆ ಹೆಜ್ಜೆಯ ಮುಂದೆ ಹೆಜ್ಜೆ ಜೋಡಿಸಿಟ್ಟು, ಎಡಕ್ಕೋ ಬಲಕ್ಕೋ ಒಂದು ಗೇಣು ಸರಿದರೆ ಯಾರಾದರೂ ಬಂದು ಪ್ರಶ್ನಿಸಿಯಾರೆಂಬ ಎಚ್ಚರದಲ್ಲಿ ನಡೆಯುತ್ತಿದ್ದರು. ಕಾನೂನು ವಿಭಾಗದ ಹುಡುಗರು ಅವರ ಹಿಂದೆ ಸಾಲುಗಟ್ಟಿ ಆ ನಡಿಗೆಯನ್ನು ಅಣಕಿಸುವುದಿತ್ತು. ಅಣಕಿಸಿದವರಲ್ಲಿ ನಾನೂ ಒಬ್ಬ. ನಮ್ಮ ತರಗತಿಯವರೇ ಆದರೂ ನಮಗಿಂತ ಐದಾರು ವರ್ಷ ಹಿರಿಯರು. ಬೇಸಿಗೆ ಚಳಿಗಾಲವೆನ್ನದೆ ಮೈಮೇಲೆ ಎರಡು ಅಳತೆ ದೊಡ್ಡದಾದ ಕಂದು ಕೋಟು, ಬಾಯಲ್ಲಿ ಸದಾ ‘ದಾಖಲೆ ಪ್ರಕಾರ’ ಎಂಬ ಪಲ್ಲವಿ. ಊಟವಾಯಿತೇ ಎಂದರೆ, “ದಾಖಲೆ ಪ್ರಕಾರ ಆಗಿದೆ, ಹೊಟ್ಟೆ ಇನ್ನೂ ಒಪ್ಪಿಲ್ಲ” ಎನ್ನುವರು.

ಅವರು ಛಿಟ್‌ಮಹಲಿನವರು. ನೆಲ ಭಾರತದ್ದು, ಸುತ್ತಲೂ ನಮ್ಮ ಬಾಂಗ್ಲಾದೇಶ. ಒಳಗೆ ಶಾಲೆಯಿಲ್ಲ, ಠಾಣೆಯಿಲ್ಲ, ಯಾರ ಕೈಯಲ್ಲೂ ಯಾವ ದೇಶದ ಗುರುತಿನ ಚೀಟಿಯೂ ಇಲ್ಲ. ಅಲ್ಲಿನ ಮಕ್ಕಳು ಓದಬೇಕೆಂದರೆ ಪಕ್ಕದೂರಿನಲ್ಲಿ ಒಬ್ಬ ಅಪ್ಪನನ್ನು ಎರವಲು ಪಡೆಯುವುದು ರೂಢಿ. ಲುತ್ಫರ್ ಭಾಯಿಗೆ ಹಾಗೆ ಅಪ್ಪನೆಂದು ತಮ್ಮ ಹೆಸರು ಕೊಟ್ಟವರು ಪ್ರಾಥಮಿಕ ಶಾಲೆಯ ಅಬೇದ್ ಅಲಿ ಮಾಸ್ಟರು. ಆ ಕೋಟೂ ಅವರದೇ. ಹೆತ್ತ ಅಪ್ಪ ಕಸಿಮುದ್ದೀನ್ ಹುಡುಗನನ್ನು ಹೆಗಲ ಮೇಲೆ ಹೊತ್ತು ತಂದು ಬಿಟ್ಟು, ಗಂಟೆ ಹೊಡೆಯುವವರೆಗೆ ಬೇಲಿಯ ಹೊರಗೆ ಕೂತಿರುತ್ತಿದ್ದನಂತೆ.

ಅಂತರರಾಷ್ಟ್ರೀಯ ಕಾನೂನಿನ ತರಗತಿಯಲ್ಲಿ ಒಮ್ಮೆ ಪ್ರಾಧ್ಯಾಪಕಿ ಮಹ್‌ಫುಜಾ ಆಪಾ ಹಲಗೆಯ ಮೇಲೆ ವೃತ್ತದೊಳಗೊಂದು ವೃತ್ತ ಬರೆದು, “ಒಳಗಡೆ ಯಾರ ಕಾನೂನು ನಡೆಯುತ್ತೆ?” ಎಂದು ಕೇಳಿದರು. ನಾವು ಪುಸ್ತಕ ತಡಕಾಡುತ್ತಿದ್ದಾಗ ಲುತ್ಫರ್ ಭಾಯಿ ಎದ್ದು ನಿಂತರು. “ಆಪಾ, ಅಲ್ಲಿ ಹಸು ಕಳುವಾದ್ರೆ ಎರಡು ದೇಶದ ಪೊಲೀಸರೂ ಬರಲ್ಲ. ದಾಖಲೆ ಪ್ರಕಾರ ಅಲ್ಲಿ ಹಸುವೇ ಇಲ್ಲ.” ತರಗತಿಯೆಲ್ಲ ನಕ್ಕಿತು. ಆಪಾ ಮಾತ್ರ ಸೀಮೆಸುಣ್ಣ ಕೆಳಗಿಟ್ಟರು. ಈಗ ಅದೇ ವಿಷಯವನ್ನು ನಾನು ಕಲಿಸುತ್ತೇನೆ. ಆ ಎರಡು ವೃತ್ತ ಬರೆದಾಗಲೆಲ್ಲ ಆ ಹಸುವಿನ ಮಾತನ್ನೂ ಹೇಳುತ್ತೇನೆ.

ನಾವು ಕಾನೂನು ಪದವಿಯ ಕೊನೆಯ ವರ್ಷದಲ್ಲಿದ್ದಾಗ ಎರಡು ದೇಶಗಳೂ ಇಂಥ ತುಂಡುನೆಲಗಳಾದ ಛಿಟ್‌ಗಳನ್ನು ಅದಲುಬದಲು ಮಾಡಿಕೊಂಡವು. ಕಸಿಮುದ್ದೀನ್ ಎಪ್ಪತ್ತನೆಯ ವಯಸ್ಸಿನಲ್ಲಿ ನಮ್ಮ ದೇಶದವನಾದ. ಆ ಚಳಿಗಾಲ ಪರೀಕ್ಷೆಯ ಅರ್ಜಿ ತುಂಬುವ ದಿನ, ಖರ್ಜೂರದ ಬೆಲ್ಲ ಕಟ್ಟಿಕೊಂಡು ಬಸ್ಸು ಹತ್ತಿ ಬಂದೇಬಿಟ್ಟ. “ಬಾಜಾನ್, ನಂಗೂ ಈಗ ಒಂದು ದೇಶ ಐತೆ. ಇನ್ನಾದ್ರೂ ನನ್ನ ಹೆಸರು ಬರಿಯಪ್ಪಾ,” ಎಂದ ಮಗನಿಗೆ.

ಮಗ ಹಿಂದಿನ ದಿನವೇ ವಿಭಾಗದ ಗುಮಾಸ್ತನನ್ನು ಈ ಬಗ್ಗೆ ಕೇಳಿಯಾಗಿತ್ತು. “ಅಪ್ಪನ್ನ ಬದಲಾಯಿಸೋಕೆ ಇದೇನು ಹಾಸ್ಟೆಲ್ ರೂಮೇನ್ರೀ?” ಎಂದು ರೇಗಿದ ಆತ, ಆಮೇಲೆ ಮೆತ್ತಗಾಗಿ ಹೇಳಿದ್ದ: “ಒಂದನೇ ಕ್ಲಾಸಿಂದ ಸುಳ್ಳು ಬರೆಸಿದ್ದೆ ಅಂತ ಬರ್ಕೊಡ್ಬೇಕಾಗುತ್ತೆ. ಓದಿದ್ದೆಲ್ಲ ಹೋದ್ರೂ ಹೋಯ್ತು. ಹೆಸರು ಕೊಟ್ಟ ಮೇಷ್ಟ್ರಿಗೂ ವಿಚಾರಣೆ ತಪ್ಪಲ್ಲ.” ಮಾಸ್ಟರು ಆಗಲೇ ಹಾಸಿಗೆ ಹಿಡಿದಿದ್ದರು. ನೆಲ ಕೈ ಬದಲಾದಾಗ ಅದರ ಮೇಲಿನ ಜನರ ಗತಿಯೇನೆಂಬುದನ್ನು ನಮಗೆಲ್ಲ ಬಿಡಿಸಿ ಹೇಳಿಕೊಟ್ಟ ಲುತ್ಫರ್ ಭಾಯಿಗೆ ಅರ್ಜಿಯ ‘ತಂದೆಯ ಹೆಸರು’ ಎಂಬ ಒಂದು ಸಾಲಿಗೆ ಮಾತ್ರ ಎಲ್ಲೂ ಉತ್ತರ ಸಿಕ್ಕಿರಲಿಲ್ಲ.

ಜಗುಲಿಯ ಬೆಂಚಿನ ಮೇಲೆ ಕೂತು ಲುತ್ಫರ್ ಭಾಯಿ ಅರ್ಜಿಯನ್ನು ಮಂಡಿಯ ಮೇಲೆ ಹರಡಿದರು. “ನನ್ನ ಜಾಗ ಯಾವುದು?” ಎಂದು ಮುದುಕ ಕೇಳಿದ. ಅಕ್ಷರ ಬಾರದವನು. ಮಗ ಬೆರಳಿಟ್ಟು ತೋರಿಸಿದರು. ಗಾಳಿಗೆ ಹಾರದಂತೆ ಮುದುಕ ಕಾಗದದ ಅಂಚನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದ. ಲೇಖನಿ ಬಹಳ ಹೊತ್ತು ನಿಂತಿತ್ತು. ಆಮೇಲೆ ಒಂದೇ ಉಸಿರಿಗೆ ಬರೆಯಿತು. ಪಕ್ಕದಲ್ಲಿದ್ದ ನಾನು ಓದಿದೆ: ಅಬೇದ್ ಅಲಿ.

“ಓದು, ಕೇಳಾನ,” ಎಂದ ಮುದುಕ.

“ಕಸಿಮುದ್ದೀನ್,” ಎಂದರು ಲುತ್ಫರ್ ಭಾಯಿ, ತಲೆಯೆತ್ತದೆ. ಆ ದಿನ ಅವರು ‘ದಾಖಲೆ ಪ್ರಕಾರ’ ಎನ್ನಲಿಲ್ಲ. ಮುದುಕ ಅಕ್ಷರಗಳ ಮೇಲೆ ಹೆಬ್ಬೆರಳಾಡಿಸಿ, ನಮ್ಮಿಬ್ಬರಿಗೂ ಒಂದೊಂದು ಚೂರು ಬೆಲ್ಲ ಕೊಟ್ಟ.

ಮಗ ಅರ್ಜಿ ಕೊಡುವ ಸಾಲಿನಲ್ಲಿ ನಿಂತಿದ್ದರಿಂದ ಬಸ್ಸಿಗೆ ಹತ್ತಿಸಲು ಹೋದವನು ನಾನು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಮುದುಕ ತಿರುಗಿದ. “ಐದು ವರ್ಷ ಆ ಇಸ್ಕೂಲಿನ ಬೇಲಿ ಹೊರಗೆ ಕೂತಿದ್ದೆ ಬಾಜಾನ್. ಎದುರಿನ ಗೋಡೆ ಮ್ಯಾಲೆ ಮಾಸ್ಟರ ಹೆಸರು ದಪ್ಪಕ್ಷರದಾಗೆ ಬರ್ದಿತ್ತು. ಓದಕ್ಕೆ ಬರದಿದ್ರೇನು, ಅದರ ಆಕಾರ ಮರೆಯಾಕಿಲ್ಲ.” ಬಸ್ಸು ಹೊರಟಿತು, ಕಿಟಕಿಯಿಂದ ಕೂಗಿದ: “ಅವನಿಗೆ ಹೇಳ್ಬ್ಯಾಡ. ನಂಗೆ ಗೊತ್ತಾಗ್ಲಿಲ್ಲ ಅಂತ್ಲೇ ಇರ್ಲಿ.”

ನಾನು ಹೇಳಿಲ್ಲ. ಕಸಿಮುದ್ದೀನ್ ತೀರಿಹೋಗಿ ವರ್ಷಗಳಾದವು. ಲುತ್ಫರ್ ಭಾಯಿ ಈಗ ಜಿಲ್ಲಾ ನ್ಯಾಯಾಲಯದಲ್ಲಿ ವಕೀಲರು. ಕರಿ ಕೋಟು ಬಿಚ್ಚಿದೊಡನೆ ಅದೇ ಕಂದು ಕೋಟು ಏರಿಸುತ್ತಾರೆ. ಸಿಕ್ಕಾಗಲೆಲ್ಲ, “ಅಬ್ಬಾಗೆ ನಿಜ ಗೊತ್ತಾಗಿದ್ರೆ ತಡ್ಕೊತಿರ್ಲಿಲ್ಲ ಕಣಯ್ಯಾ, ಸದ್ಯ,” ಎಂದು ನಿಟ್ಟುಸಿರಿಡುತ್ತಾರೆ. ನನಗೆ ಅವರ ಮುಖ ನೋಡಲಾಗುವುದಿಲ್ಲ. ಗಡಿಯಲ್ಲಿ ಹುಟ್ಟಿದವರ ಪಾಡೇ ಇದೇನೋ. ದೇಶಗಳು ಒಂದು ಸಹಿ ಹಾಕಿ ನೆಲವನ್ನು ಕೊಟ್ಟು ತೆಗೆದುಕೊಂಡು ಹಗುರಾಗಿಬಿಡುತ್ತವೆ. ಈ ಜನ ಮಾತ್ರ ಒಬ್ಬರನ್ನೊಬ್ಬರು ನೋಯಿಸಬಾರದೆಂದು ಆಡಿದ ಸುಳ್ಳಿಗೆ, ಗಡಿಯೇ ಅಳಿಸಿಹೋದ ಮೇಲೂ, ಬದುಕಿಡೀ ಕಾವಲು ಕೂರುತ್ತಾರೆ.