ಲಕೋಟೆಯೊಳಗಿನ ಓಟು

"ಕೈ ತೋರ್ಸಮ್ಮ" ಎಂದ ಚಕ್ರಪಾಣಿ.

ಕೆಂಪಕ್ಕ ಎರಡೂ ಕೈ ಚಾಚಿದಳು. ಬೆರಳ ತುದಿಯಲ್ಲಿ ಎಲೆಅಡಿಕೆಯ ಸುಣ್ಣವಿತ್ತು, ಶಾಯಿಯ ಗುರುತು ಇರಲಿಲ್ಲ. ಆದರೆ ಅವಳ ಹೆಸರಿನಲ್ಲಿ ಬೆಳಿಗ್ಗೆಯೇ ಓಟು ಬಿದ್ದಾಗಿತ್ತು.

ಹೇಗೆ ಬಿತ್ತೆಂದು ಚಕ್ರಪಾಣಿಗೆ ಗೊತ್ತು. ಅರವತ್ತು ದಾಟಿದ ಕೆಂಪಕ್ಕನ ಚೀಟಿ ಹಿಡಿದು ಬಂದವಳು ಇನ್ನೂ ಹುಡುಗಿ. ಆಕ್ಷೇಪಿಸಬೇಕಿದ್ದ ಏಜೆಂಟ್ ಪಿಳ್ಳಣ್ಣ ಕಿಟಕಿಯತ್ತ ತಿರುಗಿದ್ದ. ಎದುರು ಪಕ್ಷದವನೂ ಅದೇ ಕಿಟಕಿಯನ್ನು ನೋಡಿದ್ದ. ಇಬ್ಬರೂ ಒಂದೇ ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದರು. ಮತಗಟ್ಟೆಯ ಅಧಿಕಾರಿ ಚಕ್ರಪಾಣಿ ತಲೆ ತಗ್ಗಿಸಿ ಮತಪತ್ರ ಕೊಡಿಸಿದ್ದ. ಜಯನಗರದ ಕಾಲೇಜಿನಲ್ಲಿ ಸ್ಥಳೀಯ ಸ್ವಯಮಾಡಳಿತದ ಪಾಠ ಹೇಳುವ ಮೇಷ್ಟರು! ಥೂ, ತನ್ನ ಜನ್ಮಕ್ಕಿಷ್ಟು ಎಂದು ಈಗ ಮೈಯೆಲ್ಲ ಉರಿಯಿತು.

"ನಾನು ಹಾಕೇ ಇಲ್ವಲ್ಲ ಸಾಮಿ. ಎಷ್ಟೋ ವರ್ಸ ಆದ್ಮೇಲೆ ಕಾರ್ಪೊರೇಷನ್ ಎಲೆಕ್ಷನ್ ಬಂದದೆ. ನಮ್ ಬೀದಿಗೊಂದು ನಲ್ಲಿ ಬೇಕು. ನನ್ ಓಟು ನಾನೇ ಹಾಕ್ಬೇಕು."

"ಕಳ್ಸಿ ಸಾರ್, ಲೈನು ನಿಂತದೆ," ಎಂದ ಪಿಳ್ಳಣ್ಣ.

"ಬಾಯ್ ಮುಚ್ಕೊಂಡು ಕೂತ್ಕೊಳ್ರಿ!"

ಬೆಳಿಗ್ಗೆ ಬರಬೇಕಿದ್ದ ಕೂಗು ಈಗ ಬಂದಿತ್ತು.

ನಿಯಮದಲ್ಲೊಂದು ದಾರಿಯಿತ್ತು. ಇಂಥವರಿಗೆ ಬೇರೊಂದು ಮತಪತ್ರ ಕೊಟ್ಟು, ಮುದ್ರೆ ಒತ್ತಿಸಿ, ಪೆಟ್ಟಿಗೆಗೆ ಹಾಕದೆ ಲಕೋಟೆಯಲ್ಲಿಡಬೇಕು. ಕೋರ್ಟು ಕೇಳಿದರೆ ಹೊರತು ಅದನ್ನು ಯಾರೂ ಎಣಿಸುವುದಿಲ್ಲ. ಎಂಥ ಸೊಗಸಾದ ನ್ಯಾಯ!

ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ರಟ್ಟಿನ ಮರೆಯಲ್ಲಿ ಮುದ್ರೆ ಒತ್ತಿ, ಕೆಂಪಕ್ಕ ಮಡಿಸಿದ ಕಾಗದದೊಂದಿಗೆ ಪೆಟ್ಟಿಗೆಯತ್ತ ನಡೆದಳು.

"ಅಲ್ಲಲ್ಲ, ಇಲ್ ಕೊಡಮ್ಮ."

"ಪೆಟ್ಗೆಗೆ ಹಾಕ್ಬಾರ್ದಾ?"

"ಇದಕ್ಕೆ ಬೇರೆ ಕವರು."

"ಇದ್ನೂ ಎಣಿಸ್ತಾರೆ ತಾನೆ?"

"ಎಲ್ಲಾ ಒಟ್ಟಿಗೇ ಹೋಗುತ್ತಮ್ಮ."

ಅದು ಸುಳ್ಳಾಗಿರಲಿಲ್ಲ. ಅದಕ್ಕೇ ಅವನಿಗೆ ಇನ್ನಷ್ಟು ಹೇಸಿಗೆಯಾಯಿತು.

ಸಂಜೆ ಪೆಟ್ಟಿಗೆಗೆ ಅರಗಿನ ಮುದ್ರೆ ಬಿತ್ತು. "ಒಂದು ಗಲಾಟೆ ಇಲ್ದೆ ಮುಗೀತು ಸಾರ್," ಎಂದು ಪಿಳ್ಳಣ್ಣ ಕೈ ಚಾಚಿದ. ಚಕ್ರಪಾಣಿ ಕುಲುಕಿದ. ಆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕೆಂಪಕ್ಕನ ಲಕೋಟೆ ಹಿಡಿದು ಲಾರಿ ಹತ್ತಿ, ಪೆಟ್ಟಿಗೆಯ ಪಕ್ಕ ಕುಳಿತ.

ಶಾಲೆಯ ಗೇಟಿನ ಬಳಿ ಕೆಂಪಕ್ಕ ಇನ್ನೂ ನಿಂತಿದ್ದಳು. ಶಾಯಿಯ ಬೆರಳು ಸೆರಗಿಗೆ ತಾಗದಂತೆ ಎತ್ತಿ ಹಿಡಿದಿದ್ದಳು. ಲಾರಿ ಹೊರಟಾಗ ಚಪ್ಪಲಿ ಕಳಚಿ, ಪೆಟ್ಟಿಗೆಗೆ ಕೈ ಮುಗಿದಳು.

ಮರುನಮಸ್ಕಾರಕ್ಕೆಂದು ಚಕ್ರಪಾಣಿ ಕೈ ಜೋಡಿಸಹೋದ. ಅಂಗೈಗಳು ಕೂಡಲಿಲ್ಲ. ನಡುವೆ ಲಕೋಟೆಯಿತ್ತು.